ಹೃದಯ ಮಾರಿದ ರಾಣಿ: ಕುಂಬಳೆಯ ಮಳೆಯಲ್ಲಿ ಮತ್ತೊಂದು ಓದು

ನಮಸ್ಕಾರ. ಮಳೆಯ ಸದ್ದು ಜಾಸ್ತಿ ಇದೆ, ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಇದು ಕುಂಬಳೆ, ನಮ್ಮ ಮನೆಯ ಜಗಲಿ. ಕೈಯಲ್ಲಿರುವುದು ಮರಿಸ್ಸಾ ಮೇಯರ್ ಬರೆದ ‘ಹಾರ್ಟ್‌ಲೆಸ್’. 2016ರಲ್ಲಿ ಬಂದ ಕಾದಂಬರಿ. ಕಾಲೇಜಿನಲ್ಲಿದ್ದಾಗ ಓದಿ ಅತ್ತಿದ್ದೆ. ಈಗ ಮತ್ತೆ ಓದುವಾಗ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಯಾರ ಮೇಲೆ ಅಂತ ಹೇಳುತ್ತೇನೆ. ಮಾತಿನಲ್ಲಿ ಕಥೆಯ ಕೊನೆಯೂ ಬಂದೇ ಬರುತ್ತದೆ. ಓದಬೇಕು ಅಂದುಕೊಂಡವರು ಇಲ್ಲಿಗೇ ನಿಲ್ಲಿಸಿ, ಓದಿ ಮುಗಿಸಿ ಬನ್ನಿ.

ಅದಕ್ಕೂ ಮೊದಲು ಈ ಬೈಂಡಿಂಗ್ ನೋಡಿ. ಕ್ಯಾಮೆರಾ ಹತ್ತಿರ ತರುತ್ತೇನೆ. ಕಾಣುತ್ತಿದೆಯಾ?

ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಗೊತ್ತು. ಕಪಾಟು ತೆರೆದರೆ ಬೂಷ್ಟಿನ ವಾಸನೆ. ಇದರ ಬೆನ್ನಿನ ಅಂಟು ಬಿಟ್ಟು, ಹಾಳೆಗಳು ಕಂತೆ ಕಂತೆಯಾಗಿ ಕೈಗೆ ಬಂದಿದ್ದವು. ಕಾಸರಗೋಡು ಪೇಟೆಯಲ್ಲಿ ಒಬ್ಬರಿಗೆ ಬೈಂಡ್ ಮಾಡಲು ಕೊಟ್ಟೆ. ಎರಡು ಮಾತು ಸ್ಪಷ್ಟವಾಗಿ ಹೇಳಿದ್ದೆ. ಅಂಚು ಕತ್ತರಿಸಬೇಡಿ, ರಟ್ಟಿನ ಮೇಲೆ ಹಳೆಯ ಮುಖಪುಟವನ್ನೇ ಅಂಟಿಸಿ. ಆಯ್ತು ಆಯ್ತು ಅಂದರು. ತರಲು ಹೋದರೆ ಮೂರೂ ಕಡೆ ಕತ್ತರಿಸಿ ಇಟ್ಟಿದ್ದಾರೆ. ಮುಖಪುಟ ಎಲ್ಲಿ ಅಂತ ಕೇಳಿದರೆ, ಹರಿದಿತ್ತು, ಬಿಸಾಡಿದೆ ಅಂದರು. ಹರಿದಿರಲಿಲ್ಲ. ಒಂದು ಮೂಲೆ ಮಡಚಿತ್ತು, ಅಷ್ಟೇ. ಈಗ ನೋಡಿ, ಕಪ್ಪು ರೆಕ್ಸಿನ್, ಕಾಲೇಜಿನ ಲ್ಯಾಬ್ ರೆಕಾರ್ಡಿನ ಹಾಗೆ. ಹೆಸರೂ ಇಲ್ಲ. ಇದಕ್ಕೆ 180 ರೂಪಾಯಿ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಹೊಲಿಗೆಯನ್ನು ಬದಿಯಿಂದ ಹಾಕಿದ್ದಾರೆ. ಅದರಿಂದ ಎಡಪುಟದಲ್ಲಿ ಪ್ರತಿ ಸಾಲಿನ ಕೊನೆಯ ಅಕ್ಷರ ಹೊಲಿಗೆಯೊಳಗೆ ಹೋಗಿದೆ, ಬಲಪುಟದಲ್ಲಿ ಮೊದಲಿನದು. ಎರಡೂ ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಓದಲಿಕ್ಕಾಗುತ್ತದೆ. ಬಿಟ್ಟರೆ ಪಟಕ್ಕನೆ ಮುಚ್ಚಿಕೊಳ್ಳುತ್ತದೆ. ಊಟ ಮಾಡುತ್ತಾ ಓದುವ ಹಾಗಿಲ್ಲ, ಮಲಗಿ ಓದುವ ಹಾಗಿಲ್ಲ. ದುಡ್ಡು ಹೋದದ್ದಕ್ಕಿಂತ ನನಗೆ ಆ ಮುಖಪುಟದ ಬೇಸರ. ಅದರ ಒಳಬದಿಯಲ್ಲಿ ಗೆಳತಿ ನನ್ನ ಹೆಸರು ಬರೆದು ಕೊಟ್ಟಿದ್ದಳು. ಬೈಂಡಿಂಗ್‌ಗೆ ಕೊಡುವವರು ದಯವಿಟ್ಟು ಮುಖಪುಟ ಬಿಡಿಸಿ ಮನೆಯಲ್ಲೇ ಇಟ್ಟುಕೊಳ್ಳಿ.

ಸರಿ, ಕಥೆಗೆ ಬರುತ್ತೇನೆ. ಈ ಶಾಟ್ ಉದ್ದ ಇದೆ, ಅಂಗಳದ ಮಳೆ ನೋಡುತ್ತಾ ಕೇಳಿ.

ಲೂಯಿಸ್ ಕ್ಯಾರಲ್ ಅವರ ಆಲಿಸ್ ಕಥೆ, ಅದೇ ‘ಆಲಿಸ್ ಇನ್ ವಂಡರ್‌ಲ್ಯಾಂಡ್’, ಪುಸ್ತಕವಾಗಿ ಬಂದದ್ದು 1865ರಲ್ಲಿ. ಅದರಲ್ಲಿ ಇಸ್ಪೀಟೆಲೆಯ ಒಬ್ಬಳು ರಾಣಿ ಇದ್ದಾಳಲ್ಲ, ಎದುರಿಗೆ ಬಂದವರನ್ನೆಲ್ಲ ತಲೆ ಕಡಿಯಿರಿ ಅಂತ ಕೂಗುವವಳು, ಅವಳು ಹುಡುಗಿಯಾಗಿದ್ದಾಗ ಹೇಗಿದ್ದಳು ಅನ್ನುವುದೇ ಈ ಕಾದಂಬರಿ. ಕ್ಯಾಥರೀನ್ ಅಂತ ಹೆಸರು. ದೊಡ್ಡ ಮನೆತನದವಳು. ಅವಳಿಗೆ ಬೇಕಾದದ್ದು ಒಂದೇ, ಮನೆಕೆಲಸದ ಮೇರಿ ಆನ್ ಜೊತೆ ಸೇರಿ ಸ್ವಂತ ಬೇಕರಿ ಇಡುವುದು. ರಾಜನಿಗೆ ಇವಳನ್ನು ಮದುವೆಯಾಗುವ ಆಸೆ. ಇವಳಿಗೆ ಆಸ್ಥಾನದ ವಿದೂಷಕ ಜೆಸ್ಟ್ ಮೇಲೆ ಪ್ರೀತಿ. ಅಮ್ಮನಿಗೆ ಮಗಳು ರಾಣಿಯಾಗಲೇಬೇಕು. ಬೇಕರಿಯ ಆಸೆಯನ್ನು ಲೇಖಕಿ ಸುಮ್ನೆ ತಂದು ಹಾಕಿದ್ದಲ್ಲ. ಹೃದಯದ ರಾಣಿ ಟಾರ್ಟ್ ಅನ್ನುವ ಸಿಹಿತಿಂಡಿ ಮಾಡಿದಳು, ಇಸ್ಪೀಟಿನ ಗುಲಾಮ ಕದ್ದ ಅಂತ ಇಂಗ್ಲಿಷಿನಲ್ಲಿ ಕ್ಯಾರಲ್‌ಗಿಂತ ಹಳೆಯ ಒಂದು ಶಿಶುಗೀತೆ ಇದೆ. ಆಲಿಸ್ ಕಥೆಯ ಕೊನೆಯಲ್ಲಿ ನಡೆಯುವ ವಿಚಾರಣೆಯೂ ಆ ಟಾರ್ಟಿನ ಬಗ್ಗೆಯೇ.

ಮೊದಲ ಭಾಗ ಎಳೆದ ಹಾಗಿದೆ ಅಂತ ನನಗೆ ಆಗ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತಿದೆ. ನಿಂಬೆ ಟಾರ್ಟ್, ಕೇಕ್, ಅಂಗಿ, ಟೀ, ಮತ್ತೆ ಕೇಕ್.

ಇಲ್ಲಿ ಅಮ್ಮ ಚೀನಿಕಾಯಿ, ಅಂದರೆ ಸಿಹಿಗುಂಬಳ ಹೆಚ್ಚುತ್ತಿದ್ದಾರೆ, ಮಧ್ಯಾಹ್ನದ ಕೊದ್ದೆಲ್‌ಗೆ, ಅಂದರೆ ಹುಳಿಗೆ. ನಿಂತಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಕಾದಂಬರಿಯಲ್ಲಿ ಅತ್ಯಂತ ಭಯದ ವಸ್ತು ಚೀನಿಕಾಯಿಯೇ! ಪೀಟರ್ ಅನ್ನುವವನಿಗೆ ಚೀನಿಕಾಯಿ ಹೊಲ ಇದೆ. ಅಲ್ಲಿಯ ಕಾಯಿಯಿಂದ ಕ್ಯಾಥರೀನ್ ಕೇಕ್ ಮಾಡುತ್ತಾಳೆ. ಸ್ಪರ್ಧೆಯಲ್ಲಿ ಅದನ್ನು ತಿಂದ ಆಮೆಯ ರೂಪವೇ ಬದಲಾಗುತ್ತದೆ. ಊರವರನ್ನು ಕೊಲ್ಲುತ್ತಿರುವ ಜಾಬರ್‌ವಾಕ್ ಅನ್ನುವ ಪ್ರಾಣಿ ಪೀಟರನ ಹೆಂಡತಿಯೇ ಅಂತ ಆಮೇಲೆ ಗೊತ್ತಾಗುತ್ತದೆ. ಅದೂ ಚೀನಿಕಾಯಿಯಿಂದಲೇ ಆದದ್ದು. ಅಮ್ಮನಿಗೆ ಹೇಳಿದೆ. ‘ಹಾಗಾದ್ರೆ ನೀನು ಬರೀ ಮಜ್ಜಿಗೆ ಹಾಕಿಕೊಂಡು ಉಣ್ಣು’ ಅಂದರು. ಇಲ್ಲಮ್ಮ, ನನಗೆ ಕೊದ್ದೆಲ್ ಬೇಕು.

ಚೀನಿಕಾಯಿಯ ವಿಷಯ ಹೇಳುವಾಗ ಹೊಳೆಯಿತು. ಮೊದಲ ಭಾಗ ಎಳೆದಿದ್ದಾರೆ ಅಂದೆನಲ್ಲ, ಆ ಮಾತು ವಾಪಸ್. ಅಷ್ಟು ಪುಟ ಸಕ್ಕರೆ, ಬೆಣ್ಣೆ ಅಂತ ಓದಿಸದಿದ್ದರೆ ಕೇಕಿನಿಂದ ಕೆಟ್ಟದ್ದಾಗುವಾಗ ನಮಗೆ ಹೊಟ್ಟೆ ಕಲಕುತ್ತಿರಲಿಲ್ಲ. ಎರಡನೇ ಓದಿನಲ್ಲಿ ಮಾತ್ರ ಇದು ಗೊತ್ತಾಗುತ್ತದೆ.

ಇನ್ನು ಸಿಟ್ಟಿನ ವಿಷಯ. ಆಗ ನನಗೆ ಸಿಟ್ಟು ಬಂದದ್ದು ಅಮ್ಮನ ಪಾತ್ರದ ಮೇಲೆ. ಈ ಸಲ ಕ್ಯಾಥರೀನ್ ಮೇಲೂ ಬಂತು. ನಮ್ಮ ಮಾವ ಯಕ್ಷಗಾನದ ತಾಳಮದ್ದಳೆಗೆ ಮದ್ದಳೆ ಬಾರಿಸುವವರು. ನಿನ್ನೆ ಜಗಲಿಯಲ್ಲಿ ಕೂತು ಪೂರ್ತಿ ಕಥೆ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ‘ಅವಳು ರಾಜನ ಹತ್ತಿರ ಬೇಡ ಅಂತ ಬಾಯಿ ಬಿಟ್ಟು ಹೇಳಿದ್ದಾಳಾ?’ ಮೊದಲ ಔತಣದಲ್ಲಿ ರಾಜ ಕೇಳುವ ಮೊದಲೇ ಓಡಿಹೋಗುತ್ತಾಳೆ. ಆಮೇಲೆ ಮದುವೆಯ ಉದ್ದೇಶದ ಓಡಾಟಕ್ಕೆ ಒಪ್ಪಿಯೂ ಬಿಡುತ್ತಾಳೆ. ರಾಜ ಕೆಟ್ಟವನಲ್ಲ, ಪೆದ್ದ. ನೇರ ಹೇಳಿದ್ದರೆ ಏನಾಗುತ್ತಿತ್ತು?

ಆದರೆ ಮನೆಯಲ್ಲಿ ದೊಡ್ಡವರು ಸಾಲಾಗಿ ಕೂತು ಕಾಯುತ್ತಿರುವಾಗ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನಮ್ಮಲ್ಲಿ ಎಷ್ಟು ಹುಡುಗಿಯರಿಗೆ ಗೊತ್ತಿದೆ. ಮಾವನಿಗೆ ಅದನ್ನೇ ಹೇಳಿದೆ. ಅವರು ತಲೆಯಾಡಿಸಿ, ಅದೂ ಹೌದು ಅಂದರು.

ಈ ದೃಶ್ಯ ಹಿಂದಿನ ವಾರ ತೆಗೆದದ್ದು, ದೇವಸ್ಥಾನದ ತಾಳಮದ್ದಳೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಮೇಲೆ ಮಳೆಗಾಲದಲ್ಲಿ ನಮ್ಮಲ್ಲಿ ತಾಳಮದ್ದಳೆ ಜಾಸ್ತಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತು ಪಾತ್ರವಾಗಿ ಮಾತಾಡುತ್ತಾರೆ, ಆ ಮಾತಿಗೇ ಅರ್ಥ ಅನ್ನುವುದು. ರಾಮಾಯಣದ ಪ್ರಸಂಗ ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನೇ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಆದರೂ ಯಾರೂ ಎದ್ದು ಹೋಗುವುದಿಲ್ಲ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ರಾಮನನ್ನು ಕೇಳುವುದಕ್ಕೆ ಕಾಯುತ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣನ ಅರ್ಥ ಕೇಳಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ಗೊತ್ತಿರುವ ಕಥೆಯನ್ನು ಮತ್ತೆ ಹೇಳುವುದು ಅಂದರೆ ನನಗೆ ಇದೇ. ಕೊನೆ ಬದಲಾಗಬೇಕಿಲ್ಲ, ಕೆಟ್ಟವರು ಅನ್ನಿಸಿಕೊಂಡವರಿಗೆ ಅರ್ಥ ಹೇಳಲು ಜಾಗ ಸಿಗಬೇಕು.

ಕ್ಯಾಥರೀನ್‌ಗೆ ಆ ಜಾಗ ಪೂರ್ತಿ ಸಿಕ್ಕಿದೆ. ಜೆಸ್ಟ್‌ನ ತಲೆಯನ್ನು ಪೀಟರ್ ಕಡಿಯುತ್ತಾನೆ. ಪೀಟರನನ್ನು ಹಿಡಿದು ತಂದುಕೊಡಿ ಅಂತ ಕ್ಯಾಥರೀನ್ ಮೂವರು ಮಾಯಾವಿ ಅಕ್ಕತಂಗಿಯರಿಗೆ ತನ್ನ ಹೃದಯವನ್ನೇ ಮಾರುತ್ತಾಳೆ. ರಾಣಿಯಾಗುತ್ತಾಳೆ. ತಲೆ ಕಡಿಯಿರಿ ಅನ್ನುತ್ತಾಳೆ. ಕೊಡಲಿ ಜೆಸ್ಟ್‌ನ ಗೆಳೆಯ ರೇವನ್ ಕೈಯಲ್ಲಿ. ಕ್ಯಾರಲ್ ಕಥೆಯಲ್ಲಿ ರಾಣಿ ಕೂಗುತ್ತಾಳೆ ಅಷ್ಟೇ, ಯಾರ ತಲೆಯನ್ನೂ ಕಡಿಯುವುದಿಲ್ಲ ಅಂತ ಅಲ್ಲಿಯ ಗ್ರಿಫನ್ ಅನ್ನುವ ಪ್ರಾಣಿಯೇ ಆಲಿಸ್‌ಗೆ ಹೇಳುತ್ತದೆ. ಅವಳು ಗುರಿಯಿಲ್ಲದ ಸಿಟ್ಟಿನ ರೂಪ ಅಂತ ಕ್ಯಾರಲ್ 1887ರಲ್ಲಿ ಬರೆದಿದ್ದಾರೆ. ಮೇಯರ್ ಆ ಸಿಟ್ಟಿಗೆ ಒಂದು ಗುರಿ ಕೊಟ್ಟರು, ಒಂದು ತಲೆಯನ್ನು ನಿಜವಾಗಿಯೂ ಉರುಳಿಸಿದರು. ಮಕ್ಕಳ ಕಥೆ ಕತ್ತಲೆಯದ್ದಾಗುವುದು ಅಲ್ಲಿ.

ಈಗ ನನ್ನ ದೊಡ್ಡ ತಕರಾರು. ಪೀಟರನಿಗೆ ಅರ್ಥ ಹೇಳಲು ಜಾಗ ಎಲ್ಲಿ? ಅವನೂ ಹೆಂಡತಿಯನ್ನು ಕಳೆದುಕೊಂಡವನು. ಹೆಂಡತಿ ಪ್ರಾಣಿಯಾಗಿ ಊರು ಹಾಳು ಮಾಡುವುದನ್ನು ಕಂಡು, ಅವಳನ್ನು ಉಳಿಸಲು ಒದ್ದಾಡಿದವನು. ಕ್ಯಾಥರೀನ್‌ನ ನೋವಿಗೆ ಅಷ್ಟೊಂದು ಅಧ್ಯಾಯ, ಅವನ ನೋವಿಗೆ ನಾಲ್ಕು ಮಾತು. ಒರಟ, ಕೊಳಕ ಅಂತ ತೋರಿಸಿ ಮುಗಿಸಿದ್ದಾರೆ. ಕ್ಯಾಥರೀನ್ ಕಣ್ಣಿನಿಂದಲೇ ಕಥೆ ನಡೆಯುವುದರಿಂದ ಹಾಗಾಯಿತು ಅಂತ ಹೇಳಬಹುದು. ನಾನು ಒಪ್ಪುವುದಿಲ್ಲ. ಕೊಡಲಿ ಬೀಳುವ ಮೊದಲು ಅವನಿಗೆ ಒಂದು ಪುಟ ಕೊಡಬಹುದಿತ್ತು. ನಮ್ಮಲ್ಲಿ ರಾವಣನಿಗೆ ರಾತ್ರಿಯಿಡೀ ಕೊಡುತ್ತಾರೆ.

ಹಾಗಂತ ಪುಸ್ತಕ ಕೆಟ್ಟದ್ದು ಅನ್ನುತ್ತಿಲ್ಲ. ಮೂರನೇ ಸಲವೂ ಓದುತ್ತೇನೆ, ಆದರೆ ಈ ಪ್ರತಿಯಲ್ಲಿ ಅಲ್ಲ. ಹೊಸದಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. ಓದದವರು ಮೊದಲು ಆಲಿಸ್ ಓದಿ, ಚಿಕ್ಕ ಪುಸ್ತಕ. ಆಮೇಲೆ ಇದು. ಓದಿದವರು ಒಂದು ಹೇಳಿ. ನಿಮ್ಮ ಊರಿನ ತಾಳಮದ್ದಳೆಯಲ್ಲಿ ಪೀಟರನ ಅರ್ಥ ಹೇಳಲು ನಿಮ್ಮನ್ನೇ ಕೂರಿಸಿದರೆ, ರಾಣಿಯ ಎದುರು ಮೊದಲ ಮಾತು ಏನು ಆಡುತ್ತೀರಿ? ಮಾವ ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದಾರೆ. ಅಮ್ಮ ಊಟಕ್ಕೆ ಕರೆಯುತ್ತಿದ್ದಾರೆ, ಬರುತ್ತೇನೆ.