ಉತ್ತರ ಸರಿ, ತಿಳಿವು ಎಷ್ಟು? ತ್ರಿಕೋನಮಿತಿಯನ್ನು ಪರೀಕ್ಷಿಸುವ ಬಗೆ

(ಪರದೆಯಲ್ಲಿ: ನೋಟ್ ಪುಸ್ತಕದ ಪುಟ, ಪೆನ್ಸಿಲಿನಲ್ಲಿ ಬಿಡಿಸಿದ ಒಂದು ಅಡಿಕೆ ಮರ)

ನಮಸ್ಕಾರ. ಅಡಿಕೆ ಮರದ ಬುಡದಿಂದ 10 ಮೀಟರ್ ದೂರದ ನೆಲದಿಂದ ನೋಡಿದಾಗ ಮರದ ತುದಿ 60 ಡಿಗ್ರಿ ಉನ್ನತ ಕೋನದಲ್ಲಿ, ಅಂದರೆ ಕ್ಷಿತಿಜ ಮಟ್ಟದಿಂದ ಅಷ್ಟು ಮೇಲಕ್ಕೆ, ಕಂಡರೆ ಅದರ ಎತ್ತರ ಎಷ್ಟು ಎಂದು ಕೇಳಿದರೆ, ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯಲ್ಲಿ ಟ್ಯಾನ್ 60ರ (ಇಲ್ಲಿ ಎತ್ತರವನ್ನು ದೂರದಿಂದ ಭಾಗಿಸಿದ ಅನುಪಾತ) ಬೆಲೆಯನ್ನು ಬಾಯಿಪಾಠ ಮಾಡಿದ ಯಾವ ಮಗುವಾದರೂ 17.3 ಮೀಟರ್ ಎಂದು ಬರೆದು ಪೂರ್ತಿ ಅಂಕ ಪಡೆಯುತ್ತದೆ. ಅದೇ ಮಗುವಿಗೆ, ಅಷ್ಟೇ ದೂರದಲ್ಲಿರುವ ಇನ್ನೊಂದು ಮರದ ತುದಿ 30 ಡಿಗ್ರಿಯಲ್ಲಿ ಕಂಡರೆ ಆ ಮರ ಮೊದಲನೆಯದರ ಅರ್ಧದಷ್ಟು ಎತ್ತರವಿರುತ್ತದೆಯೇ ಎಂದು ಕೇಳಿ ನೋಡಿ. "ಹೌದು ಟೀಚರ್" ಎಂಬ ಉತ್ತರ ಥಟ್ಟನೆ ಬರುವುದುಂಟು. ನಿಜವಾಗಿ ಆ ಮರದ ಎತ್ತರ ಸುಮಾರು 5.8 ಮೀಟರ್, ಅಂದರೆ ಮೊದಲನೆಯದರ ಮೂರನೆಯ ಒಂದು ಭಾಗ. ಕೋನ ಇಮ್ಮಡಿಯಾದಾಗ ಅನುಪಾತವೂ ಇಮ್ಮಡಿಯಾಗುವುದಿಲ್ಲ ಎಂಬ ಮೂಲ ಸಂಗತಿಯನ್ನು ಮೊದಲನೆಯ ಪ್ರಶ್ನೆ ಮುಟ್ಟುವುದೇ ಇಲ್ಲ.

(ಪರದೆಯಲ್ಲಿ: ಕೋಟೆಯ ವೀಕ್ಷಣಾ ಗೋಪುರ, ಕಡಲಿನಲ್ಲಿ ಒಂದು ದೋಣಿ)

ತಪ್ಪು ಉತ್ತರವೂ ಏನನ್ನಾದರೂ ಹೇಳುವಂತೆ ಪ್ರಶ್ನೆಯನ್ನು ಹೆಣೆಯಬಹುದು. ಬೇಕಲ ಕೋಟೆಯ ಮೇಲೆ ನಿಂತವರ ಕಣ್ಣು ಕಡಲಿನ ಮಟ್ಟದಿಂದ 20 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ಹಿಡಿದ ಅಳತೆ, ಕೋಟೆಯ ನಿಜವಾದ ಎತ್ತರವಲ್ಲ. ದೋಣಿ 30 ಡಿಗ್ರಿ ಅವನತ ಕೋನದಲ್ಲಿ, ಅಂದರೆ ಕ್ಷಿತಿಜ ಮಟ್ಟದಿಂದ ಅಷ್ಟು ಕೆಳಕ್ಕೆ, ಕಂಡರೆ ಅದು ನಿಂತವರ ನೇರ ಕೆಳಗಿನ ಬಿಂದುವಿನಿಂದ 34.6 ಮೀಟರ್ ದೂರದಲ್ಲಿರುತ್ತದೆ. ಮಗು 11.5 ಎಂದು ಬರೆದಿದ್ದರೆ, ಕೋನವನ್ನು ಕ್ಷಿತಿಜದ ಗೆರೆಯಿಂದ ಅಳೆಯದೆ ಗೋಡೆಯಿಂದ ಅಳೆದಿದೆ ಎಂದು ಊಹಿಸಬಹುದು. 40 ಎಂದು ಬರೆದಿದ್ದರೆ, ಕೋನ ಸರಿಯಾಗಿಯೇ ಕುಳಿತಿದೆ, ಆದರೆ ನೀರಿನ ಮೇಲಿನ ದೂರದ ಬದಲು ಕಣ್ಣಿನಿಂದ ದೋಣಿಗಿರುವ ಓರೆಯ ದೂರವನ್ನು ಕಂಡುಹಿಡಿದಿದೆ. ಎರಡಕ್ಕೂ ಕೆಂಪು ಶಾಯಿಯ ಒಂದೇ ಗೀಟು ಎಳೆದು ಸೊನ್ನೆ ಕೊಟ್ಟರೆ, ಯಾವ ಮಗುವಿಗೆ ಏನನ್ನು ಮತ್ತೆ ಹೇಳಿಕೊಡಬೇಕು ಎಂಬ ಸುಳಿವೇ ಕೈತಪ್ಪುತ್ತದೆ.

ಇದೇ ಕಾರಣಕ್ಕೆ ಇಂತಹ ಪ್ರಶ್ನೆಯಲ್ಲಿ 45 ಡಿಗ್ರಿಯನ್ನು ಕೊಡಬಾರದು ಎಂಬುದು ನನ್ನ ಹಟ. ಅಲ್ಲಿ ಕೋನವನ್ನು ಗೋಡೆಯಿಂದ ಅಳೆದರೂ ಕ್ಷಿತಿಜದಿಂದ ಅಳೆದರೂ ಉತ್ತರ 20 ಮೀಟರೇ ಬರುತ್ತದೆ. ಲೆಕ್ಕ ಸುಲಭವಾಗಲಿ ಎಂದು ನಾವು ಆರಿಸುವ ಕೋನವೇ ತಪ್ಪನ್ನು ಮುಚ್ಚಿಡುತ್ತದೆ.

(ಪರದೆಯಲ್ಲಿ: ಎರಡು ಪದಗಳು – ಕರ್ಣ, ವಿಕರ್ಣ)

ನಮ್ಮ ಗಡಿನಾಡಿಗೆ ಇನ್ನೊಂದು ವಿಶೇಷ ತೊಡಕಿದೆ. ಕರ್ನಾಟಕದ ಗಣಿತ ಪುಸ್ತಕಗಳಲ್ಲಿ ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹು ವಿಕರ್ಣ, ಚತುರ್ಭುಜದ ಎದುರು ಮೂಲೆಗಳನ್ನು ಸೇರಿಸುವ ಗೆರೆ ಕರ್ಣ. ಮಲಯಾಳದಲ್ಲಿ ಇದು ಸರಿಯಾಗಿ ತಿರುಗುಮುರುಗು. ಟ್ಯೂಷನ್ನಿನಲ್ಲಿ ಮಲಯಾಳದ ವಿವರಣೆ ಕೇಳಿ, ಕರ್ನಾಟಕದವರ ವಿಡಿಯೋ ನೋಡಿ ಓದುವ ಮಗು ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಬರೆದರೆ ಅದು ಗಣಿತದ ತಪ್ಪೋ ಭಾಷೆಯ ಎಡವಟ್ಟೋ ಎಂಬುದು ಬರಿಯ ವಾಕ್ಯದಿಂದ ತಿಳಿಯುವುದಿಲ್ಲ. ಆದುದರಿಂದ ವ್ಯಾಖ್ಯೆ ಬರೆಸುವ ಬದಲು, ಲಂಬಕೋನ ಮೇಲ್ತುದಿಯಲ್ಲಿ ಬರುವಂತೆ ತ್ರಿಭುಜವನ್ನು ಓರೆಯಾಗಿ ಬಿಡಿಸಿ ಕೊಟ್ಟು, ಗುರುತಿಸಿದ ಕೋನದ ಸೈನ್ (ಕೋನದ ಎದುರಿನ ಬಾಹುವನ್ನು ಅತಿ ಉದ್ದದ ಬಾಹುವಿನಿಂದ ಭಾಗಿಸಿದ ಅನುಪಾತ) ಬೇಕಾದರೆ ಯಾವ ಬಾಹುವನ್ನು ಯಾವುದರಿಂದ ಭಾಗಿಸಬೇಕೆಂದು ಚಿತ್ರದ ಮೇಲೆಯೇ ತೋರಿಸಲು ಹೇಳಬೇಕು. ಅಭಿಮುಖ ಬಾಹು, ಅಂದರೆ ಕೋನದ ಎದುರಿನ ಬಾಹು, ಯಾವಾಗಲೂ ನೆಟ್ಟಗೆ ನಿಂತ ಗೆರೆ ಎಂದುಕೊಂಡವರೂ ಇಲ್ಲಿ ಸಿಕ್ಕಿಬೀಳುತ್ತಾರೆ.

(ಪರದೆಯಲ್ಲಿ: ಕೋನಮಾಪಕ, ಸ್ಟ್ರಾ, ಕಲ್ಲು ಕಟ್ಟಿದ ದಾರ)

ಕೇರಳದ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಶಾಲೆಯಲ್ಲೇ ನಡೆಯುವ ನಿರಂತರ ಮೌಲ್ಯಮಾಪನಕ್ಕೆ 20 ಅಂಕ. ಆ 20ರ ಒಂದು ಪಾಲನ್ನು ಶಾಲೆಯ ಅಂಗಳದ ಮರಕ್ಕೆ ಕೊಡಬಹುದು. ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುವಿನ ಬಿಂದುವಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಸ್ಟ್ರಾದ ಮೂಲಕ ಮರದ ತುದಿ ನೋಡಬೇಕು. ದಾರ 40ರ ಗೆರೆಯ ಮೇಲೆ ನಿಂತರೆ ಉನ್ನತ ಕೋನ 40 ಅಲ್ಲ, 90ರಿಂದ 40 ಕಳೆದು 50. ಬುಡದಿಂದ 10 ಮೀಟರ್ ದೂರದಲ್ಲಿದ್ದರೆ, ಟ್ಯಾನ್ 50 ಸುಮಾರು 1.19 ಆಗಿರುವುದರಿಂದ 11.9 ಮೀಟರ್ ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸಿದ ಮಗುವಿಗೆ ನಾನು ತಕ್ಷಣ ಅಂಕ ಕಳೆಯುವುದಿಲ್ಲ. ಕುಳಿತು ನೋಡಿದ್ದೆಯೋ, ನಿಂತು ನೋಡಿದ್ದೆಯೋ ಎಂದು ಮಾತ್ರ ಕೇಳುತ್ತೇನೆ. ನೆಲದಿಂದ ತನ್ನ ಕಣ್ಣಿಗಿರುವ ಎತ್ತರವನ್ನು ಟೇಪಿನಿಂದ ಅಳೆದು 11.9ಕ್ಕೆ ಕೂಡಿಸಲು ಅದು ತಾನಾಗಿ ಗೆಳೆಯನನ್ನು ಕರೆದರೆ, ಪೂರ್ತಿ ಅಂಕ ಅದಕ್ಕೆ ಸಲ್ಲುತ್ತದೆ.