ಹಳೆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ಮೊದಲು ಪವರ್ ಸಪ್ಲೈ ನೋಡಿ

ನಮಸ್ಕಾರ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಆಫೀಸುಗಳು ಬಳಸಿ ಬಿಟ್ಟ ಕಂಪ್ಯೂಟರ್ ಅಗ್ಗಕ್ಕೆ ಸಿಗುತ್ತದೆ. ಮಕ್ಕಳಿಗೆ ಗೇಮ್ ಆಡಲು ಅಂತ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡೂ ಬರುತ್ತದೆ. ಕ್ಯಾಬಿನೆಟ್ ಬಿಚ್ಚಿದರೆ, ಕಾರ್ಡಿನ ಸಾಕೆಟ್‌ಗೆ ಹಾಕುವ ವೈರೇ ಇರುವುದಿಲ್ಲ.

ಡೆಲ್ ಆಪ್ಟಿಪ್ಲೆಕ್ಸ್ 9020 ಟವರನ್ನೇ ತೆಗೆದುಕೊಳ್ಳಿ. ಅದರ ಪವರ್ ಸಪ್ಲೈ, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ, 290 ವ್ಯಾಟ್, ಗ್ರಾಫಿಕ್ಸ್ ಕಾರ್ಡಿಗೆ ಅಂತ ಪ್ರತ್ಯೇಕ ಕನೆಕ್ಟರ್ ಇಲ್ಲ. ಒಳಗೊಂದು 8 ಪಿನ್ ಕನೆಕ್ಟರ್ ಕಾಣುತ್ತದೆ ನಿಜ, ಆದರೆ ಅದು ಮದರ್‌ಬೋರ್ಡಿನದು (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್), ಅದನ್ನು ಮುಟ್ಟಬೇಡಿ. ಬೇರೆ ಕಂಪ್ಯೂಟರುಗಳಲ್ಲಿ ಸಿಪಿಯುಗೂ (ಪ್ರೊಸೆಸರ್) ಒಂದು 8 ಪಿನ್ ಬರುತ್ತದೆ, ಅದು ನೋಡಲು ಕಾರ್ಡಿನದರ ಹಾಗೇ ಇರುತ್ತದೆ. ಗುರುತು ಹೇಳುತ್ತೇನೆ ಕೇಳಿ: ಸಿಪಿಯುದು 4 ಮತ್ತು 4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು 6 ಮತ್ತು 2 ಆಗಿ. ಬಣ್ಣದ ವೈರ್ ಇದ್ದರೆ ಇನ್ನೂ ಸುಲಭ. ಸಿಪಿಯುದರಲ್ಲಿ ನಾಲ್ಕು ಹಳದಿ, ನಾಲ್ಕು ಕಪ್ಪು. ಕಾರ್ಡಿನದರಲ್ಲಿ ಮೂರೇ ಹಳದಿ, ಐದು ಕಪ್ಪು, ಅದೂ ಉಲ್ಟಾ ಸಾಲಿನಲ್ಲಿ. ಹಾಗಾಗಿ ಒತ್ತಿ ತುರುಕಿದರೆ 12 ವೋಲ್ಟ್ ನೇರ ಗ್ರೌಂಡಿಗೆ ಹೋಗುತ್ತದೆ, ಅಂದರೆ ಶಾರ್ಟ್ ಸರ್ಕ್ಯೂಟ್. ಪಿನ್ನಿನ ಆಕಾರ ಬೇರೆ ಮಾಡಿಟ್ಟಿರುವುದೇ ಅದಕ್ಕೆ, ಆದರೂ ಬಲ ಹಾಕುವವರು ಇದ್ದಾರಲ್ಲ!

ಈಗ ಲೆಕ್ಕ. ಕಾರ್ಡ್ ಕೂರುವ ಸ್ಲಾಟಿನಿಂದ 75 ವ್ಯಾಟ್ ಸಿಗುತ್ತದೆ, 6 ಪಿನ್‌ನಿಂದ ಇನ್ನೊಂದು 75, 8 ಪಿನ್ ಆದರೆ 150. ಜಿಟಿಎಕ್ಸ್ 1060 ಎಂಬ ಕಾರ್ಡ್ ತಿನ್ನುವುದು 120 ವ್ಯಾಟ್, ಹಾಗಾಗಿ ಅದಕ್ಕೆ ಒಂದು 6 ಪಿನ್ ಸಾಕು. ಆರ್‌ಎಕ್ಸ್ 580 ಕಾರ್ಡಿಗೆ 185 ಬೇಕು, ಅದಕ್ಕೇ 8 ಪಿನ್. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ, 12 ವೋಲ್ಟಿನ ಸಾಲು ಹುಡುಕಿ, ಅಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ 216 ವ್ಯಾಟ್, ಅದರಲ್ಲೇ ಸಿಪಿಯು, ಫ್ಯಾನ್ ಎಲ್ಲ ಬದುಕಬೇಕು.

ಅಂಗಡಿಯಲ್ಲಿ ಅಡಾಪ್ಟರ್ ಸಿಗುತ್ತದಲ್ವಾ ಅಂತ ಕೇಳಬಹುದು. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಕನೆಕ್ಟರಿನಿಂದ 6 ಪಿನ್ ಮಾಡುವ ಅಡಾಪ್ಟರ್ ಮಾತ್ರ ಬೇಡವೇ ಬೇಡ. ಸಾಟಾದಲ್ಲಿ 12 ವೋಲ್ಟಿನ ಪಿನ್ ಮೂರು, ಒಂದೊಂದಕ್ಕೆ ಒಂದೂವರೆ ಆಂಪಿಯರ್ ಮಿತಿ, ಒಟ್ಟು 54 ವ್ಯಾಟ್. ಕಾರ್ಡ್ 75 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹೊತ್ತುತ್ತದೆ. ಇನ್ನು ಅಡಾಪ್ಟರ್ ಹಾಕಿದ ಮಾತ್ರಕ್ಕೆ ಪವರ್ ಸಪ್ಲೈಗೆ ಶಕ್ತಿ ಬಂದುಬಿಡುವುದಿಲ್ಲ.

ನನ್ನ ಕೇಳಿದರೆ, ಇಂಥ ಆಫೀಸ್ ಡಬ್ಬಕ್ಕೆ ವೈರೇ ಬೇಡದ ಕಾರ್ಡ್ ತನ್ನಿ. ಜಿಟಿಎಕ್ಸ್ 1050 ಟಿಐ, 1650 ಕಾರ್ಡುಗಳಲ್ಲಿ ಹೆಚ್ಚಿನವು ಸ್ಲಾಟಿನ 75 ವ್ಯಾಟಿನಲ್ಲೇ ಓಡುತ್ತವೆ, ಆದರೆ ಕೆಲವು 1650 ಮಾಡೆಲ್‌ಗಳಿಗೆ 6 ಪಿನ್ ಸಾಕೆಟ್ ಇರುತ್ತದೆ, ಫೋಟೋ ನೋಡಿ ತನ್ನಿ. ಆರ್‌ಎಕ್ಸ್ 6400 ಇನ್ನೂ ಕಡಿಮೆ, 53 ವ್ಯಾಟ್. ಆದರೆ ಅದಕ್ಕಿರುವುದು ನಾಲ್ಕೇ ಲೇನ್ (ಮದರ್‌ಬೋರ್ಡಿನ ಜೊತೆ ಡೇಟಾ ಓಡಾಡುವ ದಾರಿ), ಹಳೆ ಮದರ್‌ಬೋರ್ಡಿನಲ್ಲಿ ಒಂದೊಂದು ದಾರಿಯೂ ನಿಧಾನ, ಹಾಗಾಗಿ ಸ್ಪೀಡ್ ಬಹಳ ಬಿದ್ದುಹೋಗುತ್ತದೆ, ಆದ್ದರಿಂದ 9020ಕ್ಕೆ ನಾನಾದರೆ 1650 ತೆಗೆದುಕೊಳ್ಳುತ್ತೇನೆ.