ರಾಗಿ ಡಬ್ಬಿಯ ತಳದಲ್ಲಿದ್ದ ದುಡ್ಡು
(ಯುಗಾದಿಗೆ ಮುಂಚೆ ಮಂಡ್ಯದ ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು)

ಅಕ್ಕಂದಿರೇ, ತಾಯಂದಿರೇ, ನಮಸ್ಕಾರ. ಹಬ್ಬಕ್ಕೆ ಇನ್ನೊಂದೇ ವಾರ. ಬೇವು ಬೆಲ್ಲ, ಮಾರನೇ ದಿನ ಹೊಸತೊಡಕಿನ ಬಾಡೂಟ, ಆಮೇಲೆ ಅರಳಿಕಟ್ಟೆ ಪಕ್ಕ ಇಸ್ಪೀಟು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಹಬ್ಬದಲ್ಲಿ ಆಡದೆ ಇನ್ಯಾವಾಗ ಆಡೋದು" ಅಂತಾರೆ. ನನ್ನ ಅಪ್ಪನೂ ಹಾಗಂದುಕೊಂಡೇ ಅಂದರ್ ಬಾಹರ್ ಶುರು ಮಾಡಿದ್ದು.

ಅವ್ವ ರಾಗಿ ಡಬ್ಬಿಯ ತಳದಲ್ಲಿ ದುಡ್ಡು ಬಚ್ಚಿಡುತ್ತಿದ್ದರು. ಅಪ್ಪ ಕಂಡುಹಿಡಿದರು. ಅವ್ವ ಹುಣಸೆಹಣ್ಣಿನ ಮಡಕೆಗೆ ಹಾಕಿದರು. ಅದೂ ಸಿಕ್ಕಿತು. ಆಮೇಲೆ ದೇವರ ಫೋಟೋ ಹಿಂದೆ. ಕೊನೆಗೆ ನನ್ನ ಜಾಮಿಟ್ರಿ ಬಾಕ್ಸು. ಆಗ ನನಗೆ 9 ವರ್ಷ. ಅಪ್ಪ ತೊಡೆ ಮೇಲೆ ಕೂರಿಸಿಕೊಂಡು ಕೇಳಿದರು, "ಅವ್ವ ಎಲ್ಲಿಟ್ಟಿದಾಳೆ ಮಗಾ?" ಗೊತ್ತಿಲ್ಲ ಅಂದೆ. ಅಪ್ಪನಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅದೇ ವಾರ ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಅಪ್ಪ ಅಟ್ಟದ ಮೇಲಿದ್ದರು. "ಅಪ್ಪ ಊರಲ್ಲಿಲ್ಲ" ಅಂದೆ. ಅಪ್ಪನಿಗೂ ಸುಳ್ಳು, ಅಪ್ಪನಿಗಾಗಿಯೂ ಸುಳ್ಳು. ಜೂಜು ಹೊಕ್ಕ ಮನೆಯಲ್ಲಿ ದುಡ್ಡಿಗಿಂತ ಮುಂಚೆ ಮಾತು ಖಾಲಿಯಾಗುತ್ತದೆ.

ಧರ್ಮರಾಯನ ಕತೆ ನಿಮಗೆ ಗೊತ್ತು. ಅದಕ್ಕೂ ಹಳೆಯದು ಋಗ್ವೇದದ 10ನೇ ಮಂಡಲದ 34ನೇ ಸೂಕ್ತ. ಅದು ಜೂಜುಗಾರನ ಗೋಳು. ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರ ತಳ್ಳುತ್ತಾಳೆ. ಅಪ್ಪ, ಅಮ್ಮ, ಅಣ್ಣತಮ್ಮಂದಿರು "ಇವನು ಯಾರೋ ಗೊತ್ತಿಲ್ಲ, ಕಟ್ಟಿ ಒಯ್ಯಿರಿ" ಅನ್ನುತ್ತಾರೆ. ಅಲ್ಲೂ ಮಾತೇ ಹೋಗಿದೆ ನೋಡಿ. ಕೊನೆಗೆ ಅವನಿಗೆ ಸಿಗುವ ಬುದ್ಧಿಮಾತು, ದಾಳ ಬಿಡು, ಹೊಲ ಉಳು ಅಂತ. ಕಬ್ಬು ಬೆಳೆಯುವ ನಮಗೇ ಹೇಳಿದ ಹಾಗಿದೆ, ಅಲ್ವಾ?

ಅರಳಿಕಟ್ಟೆಯಲ್ಲಾದರೆ ಯಾರಾದರೂ ನೋಡಿ ಬಂದು ಅವ್ವನಿಗೆ ಹೇಳುತ್ತಿದ್ದರು. ಈಗ ರಾತ್ರಿ 2 ಗಂಟೆಗೆ ಕಂಬಳಿಯೊಳಗೆ ಮೊಬೈಲು. ಪಕ್ಕದಲ್ಲಿ ಮಲಗಿದವಳಿಗೂ ತಿಳಿಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಒಳ್ಳೆಯದೇ. ಆದರೆ ಕಳೆದುಕೊಂಡದ್ದನ್ನು ಆಡಿಯೇ ವಾಪಸ್ ತರುತ್ತೇನೆ ಅನ್ನುವ ಹಟ ಒಂದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯೂ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ.

ಇವತ್ತು ನಾನು ಬಂದದ್ದೇ ಒಂದು ಮಾತು ಹೇಳೋಕೆ. ಸಂಘದಲ್ಲಿ ಸಾಲ ಎತ್ತಿ, ಯಾರಿಗೂ ಹೇಳದೆ ಗಂಡನ ಜೂಜಿನ ಸಾಲ ತೀರಿಸಬೇಡಿ. ಅವ್ವ ಮೂರು ಸಲ ತೀರಿಸಿದರು. ಒಮ್ಮೆ ಓಲೆ ಹೋಯಿತು, ಒಮ್ಮೆ ಹಸು, ಒಮ್ಮೆ ತವರಿನವರು ಕೊಟ್ಟ ದುಡ್ಡು. ಪ್ರತಿ ಸಲ ಅಪ್ಪ ನನ್ನ ತಲೆ ಮುಟ್ಟಿ ಆಣೆ ಮಾಡಿದರು. ಆಣೆ ಮಾಡುವಾಗ ಅವರು ನಿಜವಾಗಿಯೂ ಅಳುತ್ತಿದ್ದರು. ಸಾಲ ತೀರಿದ ಕೂಡಲೇ ಮತ್ತೆ ಸಾಲ ಹುಟ್ಟುತ್ತಿತ್ತು. ನಾಲ್ಕನೇ ಸಲ ಅವ್ವ ಕೊಡಲಿಲ್ಲ. ಅಣ್ಣತಮ್ಮಂದಿರನ್ನೆಲ್ಲ ಕರೆದು, ಅಪ್ಪನ ಎದುರಿಗೇ ಲೆಕ್ಕ ಬಿಚ್ಚಿಟ್ಟರು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆದರೆ ಬಚ್ಚಿಡುವುದು ಅಲ್ಲಿಗೆ ನಿಂತಿತು.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಮಕ್ಕಳ ಓದಿನ ಬಗ್ಗೆ ಜಾಸ್ತಿ ಹೇಳೋದಿತ್ತು, ಬಿಡುತ್ತೇನೆ. ಒಂದು ನಂಬರ್ ಬರೆದುಕೊಳ್ಳಿ, 14416. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಡುವವರೇ ಮಾಡಬೇಕು ಅಂತಿಲ್ಲ, ನೀವೂ ಮಾಡಿ.

ಅಪ್ಪ ಆಟ ಬಿಟ್ಟು 11 ವರ್ಷ ಆಯಿತು. ಈಗಲೂ ಡೈರಿಗೆ ಹಾಲು ಹಾಕಿ ಬಂದ ಕೂಡಲೇ ಕೇಳದಿದ್ದರೂ ಚೀಟಿ ತೋರಿಸುತ್ತಾರೆ. ಅವ್ವ ಅದನ್ನು ಎರಡು ಸಲ ಓದುತ್ತಾರೆ. ಓದಿ ಮುಗಿಸುವವರೆಗೆ ಅಪ್ಪ ಸುಮ್ನೆ ನಿಂತಿರುತ್ತಾರೆ.